ಸೌಮ್ಯ ಬೇಕೋ, ಕಟ್ಟಾ ಬೇಕೋ? ಮೊದಲು ಎಲೆಕ್ಷನ್ ಎಲ್ಲಿ ಅದರಿ?

ಬೆಂಗಳೂರಿನಿಂದ ಪಕ್ಷದ ವೀಕ್ಷಕರು ಬಂದಿದ್ದ ಸುದ್ದಿ ನೀವೂ ಓದಿರುತ್ತೀರಿ. ಕಲಬುರಗಿಯ ಈ ಬಿಸಿಲಲ್ಲಿ ಏಸಿ ಹಾಲಿನ ಬಾಗಿಲು ಹಾಕಿಕೊಂಡು ಅರ್ಧ ದಿನ ಕೂತರು. ಆಮೇಲೆ ಹೊರಗೆ ಬಂದು ಮೈಕ್ ಮುಂದೆ ಹೇಳಿದ್ದು ಇಷ್ಟು. ಎಲ್ಲರನ್ನೂ ಕರೆದುಕೊಂಡು ಹೋಗುವ ಸೌಮ್ಯ ಅಭ್ಯರ್ಥಿಗೆ ಟಿಕೆಟ್ ಕೊಡಬೇಕೋ, ಸಿದ್ಧಾಂತಕ್ಕೆ ಪ್ರಾಣ ಕೊಡುವ ಕಟ್ಟಾ ಕಾರ್ಯಕರ್ತನಿಗೆ ಕೊಡಬೇಕೋ ಅಂತ ಪಕ್ಷ ಗಂಭೀರವಾಗಿ ಚಿಂತನೆ ನಡೆಸಿದೆಯಂತೆ. ಯಾವ ಪಕ್ಷ ಅಂತ ಕೇಳಬೇಡಿ. ಒಂದರ ಹೆಸರು ಹೇಳಿದರೆ ಉಳಿದವರಿಗೆ ಬೇಜಾರಾಗುತ್ತದೆ, ನಮ್ಮನ್ಯಾಕೆ ಬಿಟ್ಟಿರಿ ಅಂತ.

ಈ ಚಿಂತನೆ ಯಾವ ಚುನಾವಣೆಗೆ? ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ. ನೆನಪಿದೆ ಅಲ್ವಾ, ಒಂದು ಕಾಲದಲ್ಲಿ ನಾವು ಅದಕ್ಕೆ ವೋಟು ಹಾಕುತ್ತಿದ್ದೆವು. ಕೊನೆಗೆ ಹಾಕಿದ್ದು 2016ರಲ್ಲಿ. ಆ ವರ್ಷ ನಮ್ಮ ಓಣಿಯಲ್ಲಿ ಅಂಗನವಾಡಿಗೆ ಹೋಗುತ್ತಿದ್ದ ಹುಡುಗರಿಗೆ ಈಗ ಮೀಸೆ ಚಿಗುರುತ್ತಿದೆ. 2021ಕ್ಕೆ ಸದಸ್ಯರ ಅವಧಿ ಮುಗಿಯಿತು, ಆಡಳಿತಾಧಿಕಾರಿ ಬಂದು ಕೂತರು. ಐದು ವರ್ಷ ಮುಗಿಯುವುದರೊಳಗೆ ಹೊಸ ಚುನಾವಣೆ ಮುಗಿದಿರಬೇಕು ಅಂತ ಸಂವಿಧಾನದ 243ಇ ವಿಧಿ ಹೇಳುತ್ತದೆ. ಹೇಳಲಿ ಬಿಡಿ, ಅದರ ಕೆಲಸ ಅದು ಮಾಡಿದೆ.

ಆಮೇಲೆ ನಡೆದದ್ದು ನಿಮಗೆಲ್ಲ ಗೊತ್ತು. ಕ್ಷೇತ್ರ ವಿಂಗಡಣೆ ಮಾಡುವ ಅಧಿಕಾರ ರಾಜ್ಯ ಚುನಾವಣಾ ಆಯೋಗದ ಕೈಯಲ್ಲಿತ್ತು. 2021ರಲ್ಲಿ ಕಾನೂನು ತಿದ್ದಿ ಅದನ್ನು ಕಿತ್ತುಕೊಂಡು ಬೇರೆ ಆಯೋಗಕ್ಕೆ ಕೊಟ್ಟರು. ಮೊದಲು ಗಡಿ ಸರಿಯಿಲ್ಲ ಅಂದರು, ಆಮೇಲೆ ಮೀಸಲಾತಿ ಪಟ್ಟಿ ಆಗಿಲ್ಲ ಅಂದರು. ವಿಷಯ ಕೋರ್ಟಿಗೆ ಹೋದಾಗ ಇನ್ನಷ್ಟು ದಿನ ಕೊಡಿ ಅಂದರು. ಶುರು ಮಾಡಿದ ಸರ್ಕಾರ ಒಂದು, ಮುಂದುವರಿಸಿದ ಸರ್ಕಾರ ಇನ್ನೊಂದು. ಅದರಲ್ಲಿ ಸೌಮ್ಯರೂ ಇದ್ದರು, ಕಟ್ಟಾಗಳೂ ಇದ್ದರು. ಈ ಒಂದು ವಿಷಯದಲ್ಲಿ ಮಾತ್ರ ಒಬ್ಬರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಶಾಸಕರಿಗೆ ತಮ್ಮ ಕ್ಷೇತ್ರದೊಳಗೆ ಇನ್ನೊಬ್ಬ ಲೀಡರ್ ಬೆಳೆಯೋದು ಯಾವ ಸಿದ್ಧಾಂತದಲ್ಲಿ ಇಷ್ಟ ಹೇಳಿ?

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ನಮ್ಮ ಅಜ್ಜಿಯಂದಿರು ನೋಡಿದ್ದರು. ಇವರು ಕುಲಾವಿಗೆ ಹತ್ತಿ ಬಟ್ಟೆಯೋ ಉಣ್ಣೆಯೋ ಅಂತ ಉಪಸಮಿತಿ ಮಾಡಿದ್ದಾರೆ.

ಆದರೆ ಆಕಾಂಕ್ಷಿಗಳ ಶ್ರದ್ಧೆಗೆ ಕೈ ಮುಗಿಯಬೇಕು. ಎಸ್‌ವಿಪಿ ಸರ್ಕಲ್ಲಿನಿಂದ ಸೂಪರ್ ಮಾರ್ಕೆಟ್ ತನಕ ಒಂದು ಸಲ ನಡೆದು ನೋಡಿ. ಯುಗಾದಿ, ಅಂಬೇಡ್ಕರ್ ಜಯಂತಿ, ಬಸವ ಜಯಂತಿ, ಈದ್ ಎಲ್ಲಕ್ಕೂ ಶುಭಾಶಯ ಕೋರುವವರು ಅವರೇ. ಮೇಲೆ ಹೈಕಮಾಂಡಿನ ನಾಲ್ಕು ತಲೆ, ಕೆಳಗೆ ಹುಡುಗರ ನಲವತ್ತು ತಲೆ, ನಡುವೆ ಮೊಬೈಲ್ ಕಿವಿಗಿಟ್ಟುಕೊಂಡು ಯಾರ ಜತೆಗೋ ಬಹಳ ಮುಖ್ಯವಾದ ಮಾತಾಡುತ್ತಿರುವ ನಮ್ಮ ಅಣ್ಣ. ಆ ಕಡೆಯಿಂದ ಮಾತಾಡುತ್ತಿರುವವರು ಯಾರು ಅನ್ನುವುದು ಫ್ಲೆಕ್ಸ್ ಇತಿಹಾಸದ ದೊಡ್ಡ ನಿಗೂಢ. ಬಹುಶಃ ಪ್ರಿಂಟಿಂಗ್ ಪ್ರೆಸ್ಸಿನವನೇ ಇರಬೇಕು, ಹಳೇ ಬಾಕಿ ಕೇಳಲು.

ವೀಕ್ಷಕರ ಹೇಳಿಕೆ ಬಂದ ಮರುದಿನ ಈ ಅಣ್ಣಂದಿರಿಗೆ ದೊಡ್ಡ ಇಕ್ಕಟ್ಟಾಯಿತು. ಜಾತಿ ಕೇಳಿದ್ದರೆ ಸರ್ಟಿಫಿಕೇಟ್ ಇತ್ತು. ದುಡ್ಡು ಎಷ್ಟು ಹಾಕ್ತೀಯಾ ಅಂತ ಕೇಳಿದ್ದರೆ ಹೊಲ ಇತ್ತು. ಸೌಮ್ಯವೋ ಕಟ್ಟಾವೋ ಅಂತ ಇಷ್ಟು ದಿನ ಯಾರೂ ಕೇಳಿರಲಿಲ್ಲ. ಚಹಾದಂಗಡಿಯಲ್ಲಿ ಒಬ್ಬ ಆಕಾಂಕ್ಷಿ ನಮ್ಮ ಪೈಕಿ ಹಿರಿಯರೊಬ್ಬರ ಹತ್ತಿರ ಸಲಹೆ ಕೇಳುತ್ತಿದ್ದ.

"ಕಾಕಾ, ನಾ ಯಾವ ಪೈಕಿ ಅಂತ ಬರೀಲಿ?"

"ಮುಂಜಾನೆ ಏನು ಮಾಡ್ತಿ?"

"ಶರಣಬಸವೇಶ್ವರ ಗುಡಿಗೆ ಹೋಗ್ತೀನ್ರಿ."

"ಸಂಜಿಕ?"

"ದರ್ಗಾಕ್ಕ ಹೋಗಿ ಚಾದರ ಹಾಕಿ ಬರ್ತೀನ್ರಿ."

"ರಾತ್ರಿ?"

"ವಾಟ್ಸಾಪಿನ್ಯಾಗ ಇಬ್ಬರಿಗೂ ಬೈದು ಬಂದ ಮೆಸೇಜ್ ಫಾರ್ವರ್ಡ್ ಮಾಡ್ತೀನ್ರಿ."

"ಹಂಗಾದ್ರ ಹಗಲ ಸೌಮ್ಯ, ರಾತ್ರಿ ಕಟ್ಟಾ ಅಂತ ಬರಿ. ಎರಡೂ ಶಿಫ್ಟಿಗೆ ಮಂದಿ ಬೇಕಾಗ್ಯಾರ."

ಸಭೆಯ ಒಳಗಿದ್ದವರೊಬ್ಬರು ಹೇಳಿದ ಪ್ರಕಾರ ಅಲ್ಲಿ ಲ್ಯಾಪ್‌ಟಾಪ್ ಹಿಡಿದ ಹುಡುಗನೊಬ್ಬ ಅಮೆರಿಕದ ಲೆಕ್ಕ ತೋರಿಸಿದನಂತೆ. ಪಾಪ, ಅವನ ಲೆಕ್ಕದಲ್ಲಿ ತಪ್ಪಿಲ್ಲ. 1957ರಲ್ಲಿ ಆಂಥೋನಿ ಡೌನ್ಸ್ ಅನ್ನುವ ಪಂಡಿತರು ಒಂದು ಮಾತು ಹೇಳಿದ್ದರು. ಎರಡೇ ಪಕ್ಷ ಇರುವ ಕಡೆ ಸರಿಯಾಗಿ ನಡುವೆ ನಿಂತ ಮತದಾರನ ಹತ್ತಿರ ಯಾರು ಹೋಗಿ ನಿಲ್ಲುತ್ತಾರೋ ಅವರು ಗೆಲ್ಲುತ್ತಾರೆ ಅಂತ. ಸಾಕ್ಷಿಯೂ ಇದೆ. 1964ರಲ್ಲಿ ರಿಪಬ್ಲಿಕನ್ ಪಕ್ಷ ಬ್ಯಾರಿ ಗೋಲ್ಡ್‌ವಾಟರ್ ಅನ್ನುವ ಕಟ್ಟಾ ಬಲಪಂಥೀಯರನ್ನು ನಿಲ್ಲಿಸಿತು. ಐವತ್ತು ರಾಜ್ಯದಲ್ಲಿ ಗೆದ್ದದ್ದು ಆರು. 1972ರಲ್ಲಿ ಡೆಮಾಕ್ರಟಿಕ್ ಪಕ್ಷ ಜಾರ್ಜ್ ಮೆಕ್‌ಗವರ್ನ್ ಅನ್ನುವ ಕಟ್ಟಾ ಎಡದವರನ್ನು ನಿಲ್ಲಿಸಿತು. ಗೆದ್ದದ್ದು ಮ್ಯಾಸಚೂಸೆಟ್ಸ್ ಒಂದು ರಾಜ್ಯ, ಜೊತೆಗೆ ರಾಜಧಾನಿ ವಾಷಿಂಗ್ಟನ್. ಇಷ್ಟು ಹೇಳಿ ಹುಡುಗ ಸೌಮ್ಯರೇ ಸರಿ ಅಂದನಂತೆ. ಅಷ್ಟರಲ್ಲಿ ಇನ್ನೊಬ್ಬರು ಎದ್ದು, 1964ರಲ್ಲಿ ಅದೇ ಗೋಲ್ಡ್‌ವಾಟರ್ ಪರವಾಗಿ ಟಿವಿಯಲ್ಲಿ ಭಾಷಣ ಮಾಡಿದ್ದ ರೇಗನ್ 1980ರಲ್ಲಿ 44 ರಾಜ್ಯ ಗೆದ್ದರಲ್ಲ, ಅದಕ್ಕೇನಂತೀಯ ಅಂದರಂತೆ. ಹುಡುಗ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಲು ಹೋದ.

ಆ ಹುಡುಗ ಹೇಳದೇ ಬಿಟ್ಟ ಒಂದು ಸಂಗತಿ ಇದೆ. 1968ರಲ್ಲಿ ಅದೇ ಡೆಮಾಕ್ರಟಿಕ್ ಪಕ್ಷ ಹ್ಯೂಬರ್ಟ್ ಹಂಫ್ರಿ ಅವರಿಗೆ ಟಿಕೆಟ್ ಕೊಟ್ಟಿತು. ಪ್ರೈಮರಿ ಅಂತ ಅಲ್ಲಿ ಪಕ್ಷದ ಬೆಂಬಲಿಗರೇ ವೋಟು ಹಾಕುತ್ತಾರಲ್ಲ, ಅದರಲ್ಲಿ ಅವರು ಸ್ಪರ್ಧೆಯನ್ನೇ ಮಾಡಿರಲಿಲ್ಲ. ದೊಡ್ಡವರು ಕೂತು ಕೊಟ್ಟ ಟಿಕೆಟ್ ಅದು. ಪಕ್ಷದ ಸಮಾವೇಶ ನಡೆದ ಶಿಕಾಗೋದ ಬೀದಿಯಲ್ಲಿ ಲಾಠಿ ಏಟು, ಒಳಗೆ ಕೂಗಾಟ. ಆಮೇಲೆ ಆಯೋಗ ಮಾಡಿ ನಿಯಮ ಬದಲಿಸಿ, ಅಭ್ಯರ್ಥಿಯನ್ನು ಆರಿಸುವ ಕೆಲಸವನ್ನು ಬೆಂಬಲಿಗರ ಕೈಗೆ ಕೊಟ್ಟರು. ಕೊಟ್ಟ ಮೊದಲ ಸಲವೇ 49 ರಾಜ್ಯ ಕಳೆದುಕೊಂಡರು ಅನ್ನೋದು ಬೇರೆ ಮಾತು. ತಪ್ಪು ಮಾಡಿದರೂ ಕೆಳಗಿನವರೇ ಮಾಡಿದರು ಅಲ್ವಾ? ನಮ್ಮ ಬೂತ್ ಕಾರ್ಯಕರ್ತನಿಗೆ ಅವನ ಪಕ್ಷ ಈ ಜನ್ಮದಲ್ಲಿ ಕೇಳಿರುವ ಪ್ರಶ್ನೆ ಒಂದೇ: "ಎಷ್ಟು ಕ್ರೂಸರ್ ಗಾಡಿ ತುಂಬಸ್ತಿ?"

ಜಗಳವೇನೋ ನಮಗೆ ಹೊಸದಲ್ಲ. ಹೈಸ್ಕೂಲಿನಲ್ಲಿ ಮಂದಗಾಮಿಗಳು, ತೀವ್ರಗಾಮಿಗಳು ಅಂತ ಎರಡು ಅಂಕದ ಪ್ರಶ್ನೆಗೆ ಎಲ್ಲರೂ ಉತ್ತರ ಬರೆದವರೇ. 1907ರ ಸೂರತ್ ಕಾಂಗ್ರೆಸ್ ಅಧಿವೇಶನದಲ್ಲಿ ಗೋಖಲೆ ಕಡೆಯವರು, ತಿಲಕರ ಕಡೆಯವರು ಕುರ್ಚಿ ಎತ್ತಿಕೊಂಡು ನಿಂತರು. ಒಂದು ಮರಾಠಿ ಚಪ್ಪಲಿ ಹಾರಿಬಂದು ಸುರೇಂದ್ರನಾಥ ಬ್ಯಾನರ್ಜಿಗೂ ಬಡಿಯಿತು, ಫಿರೋಜ್ ಶಾ ಮೆಹ್ತಾಗೂ ಬಡಿಯಿತು. ಎಂಥಾ ಚಪ್ಪಲಿ ನೋಡಿ, ಒಂದೇ ಎಸೆತಕ್ಕೆ ಇಬ್ಬರು ಹಿರಿಯ ಮಂದಗಾಮಿಗಳು. ಆದರೆ ಆ ಚಪ್ಪಲಿಯ ಹಿಂದೆ ಒಂದು ಪ್ರಶ್ನೆ ಇತ್ತು. ಬ್ರಿಟಿಷರಿಗೆ ಅರ್ಜಿ ಬರೆಯುತ್ತಾ ಇರೋದೋ, ಸ್ವರಾಜ್ಯ ಬೇಕು ಅಂತ ಎದ್ದು ನಿಲ್ಲೋದೋ? ನಮ್ಮ ಪಕ್ಷಗಳ ಸಭೆಯಲ್ಲೂ ಕುರ್ಚಿ ಹಾರುತ್ತವೆ, ಪ್ಲಾಸ್ಟಿಕ್ಕಿನವು, ಬಾಡಿಗೆಗೆ ತಂದವು. ಯಾಕೆ ಹಾರಿದವು ಅಂತ ಕೇಳಿದರೆ, ಸ್ಟೇಜಿನ ಮೇಲೆ ನಮ್ಮ ಸಾಹೇಬ್ರಿಗೆ ಕುರ್ಚಿ ಹಾಕಿರಲಿಲ್ಲ ಅನ್ನುತ್ತಾರೆ.

ಈ ಭಾಗದವರಿಗೆ ಸಿದ್ಧಾಂತದ ಪಾಠ ಹೇಳಲು ಬೆಂಗಳೂರಿನಿಂದ ಬರಬೇಕಾ ಅಂತ ನನಗೆ ಸಿಟ್ಟು. ನಮ್ಮ ಚಿಂಚೋಳಿಯ ವೀರೇಂದ್ರ ಪಾಟೀಲರನ್ನೇ ನೋಡಿ. 1968ರಲ್ಲಿ ಮುಖ್ಯಮಂತ್ರಿ ಆದರು. ಮರುವರ್ಷ ಕಾಂಗ್ರೆಸ್ ಒಡೆದಾಗ ಇಂದಿರಾ ಗಾಂಧಿ ಬೇಡ ಅಂತ ನಿಜಲಿಂಗಪ್ಪನವರ ಕಡೆ ಉಳಿದರು. 1978ರಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಅದೇ ಇಂದಿರಾ ಎದುರು ಜನತಾ ಪಕ್ಷದಿಂದ ನಿಂತು 70 ಸಾವಿರಕ್ಕೂ ಜಾಸ್ತಿ ಮತದಿಂದ ಸೋತರು. 1980ರಲ್ಲಿ ಇಂದಿರಾ ಕಾಂಗ್ರೆಸ್ಸಿನಿಂದಲೇ ಬಾಗಲಕೋಟೆಯ ಸಂಸದರಾಗಿ ಅವರ ಸಂಪುಟದಲ್ಲೇ ಮಂತ್ರಿಯಾದರು. 1989ರಲ್ಲಿ 178 ಸೀಟು ಗೆದ್ದು ಮತ್ತೆ ಮುಖ್ಯಮಂತ್ರಿ. ಮರುವರ್ಷ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ರಾಜೀವ್ ಗಾಂಧಿ ಒಂದು ಮಾತು ಹೇಳಿದರು, ಖುರ್ಚಿ ಹೋಯಿತು. ಒಳ್ಳೆಯ ಆಡಳಿತಗಾರ ಅಂತ ಹಿರಿಯರು ಈಗಲೂ ಅವರನ್ನು ನೆನೆಸುತ್ತಾರೆ, ಅದರಲ್ಲಿ ನನಗೂ ತಕರಾರಿಲ್ಲ. ಸೌಮ್ಯರೋ ಕಟ್ಟಾನೋ ಅಂತ ಮಾತ್ರ ಹೇಳಿ ನೋಡೋಣ. 178 ಸೀಟಿನ ಸೌಮ್ಯ, ಕಟ್ಟಾ ಎಲ್ಲವೂ ವಿಮಾನ ಹತ್ತುವ ಮುಂಚಿನ ಒಂದು ಮಾತಿಗೆ ಕರಗಿಹೋದವು.

1980ರದ್ದೇ ಇನ್ನೊಂದು ಇದೆ. ಗುಲಬರ್ಗಾದಿಂದ ನಾವು ಧರ್ಮಸಿಂಗರನ್ನು ಗೆಲ್ಲಿಸಿ ಲೋಕಸಭೆಗೆ ಕಳಿಸಿದೆವು. ಅತ್ತ ಕೇರಳದ ಕಾಂಗ್ರೆಸ್ ನಾಯಕ ಸಿ.ಎಂ. ಸ್ಟೀಫನ್ ಹೊಸದಿಲ್ಲಿಯಲ್ಲಿ ವಾಜಪೇಯಿ ಎದುರು ಸೋತಿದ್ದರು. ಧರ್ಮಸಿಂಗರು ಗೆದ್ದ ಸೀಟು ಬಿಟ್ಟುಕೊಟ್ಟರು, ಸ್ಟೀಫನ್ ಇಲ್ಲಿ ಬಂದು ನಿಂತರು, ನಾವು ಅವರನ್ನೂ ಗೆಲ್ಲಿಸಿದೆವು! ಬೀದರಿನವರು ಇನ್ನೂ ದೊಡ್ಡ ಮನಸ್ಸಿನವರು. ರಾಮಚಂದ್ರ ವೀರಪ್ಪನವರನ್ನು 1962, 1967ರಲ್ಲಿ ಕಾಂಗ್ರೆಸ್ಸಿನಿಂದ ಗೆಲ್ಲಿಸಿದರು. 1991ರಿಂದ 1999ರವರೆಗೆ ಸಾಲಾಗಿ ನಾಲ್ಕು ಸಲ ಬಿಜೆಪಿಯಿಂದ ಗೆಲ್ಲಿಸಿದರು. ವ್ಯಕ್ತಿ ಅವರೇ, ಊರು ಅದೇ, ಬಿ ಫಾರಂ ಮಾತ್ರ ಬೇರೆ.

ಈಗಿನ ಕಾಲಕ್ಕೆ ಬನ್ನಿ. ಉಮೇಶ ಜಾಧವ್ ಚಿಂಚೋಳಿಯ ಕಾಂಗ್ರೆಸ್ ಶಾಸಕರಾಗಿದ್ದರು. 2019ರಲ್ಲಿ ರಾಜೀನಾಮೆ ಕೊಟ್ಟು ಕಲಬುರಗಿ ಲೋಕಸಭೆಗೆ ಬಿಜೆಪಿಯಿಂದ ನಿಂತು, ಅಲ್ಲಿಯವರೆಗೆ ಸೋಲನ್ನೇ ಕಾಣದ ಖರ್ಗೆಯವರನ್ನು ಸೋಲಿಸಿದರು. ಬಿಟ್ಟ ಚಿಂಚೋಳಿಗೆ ಅವರ ಮಗ ಬಂದರು. 2024ರಲ್ಲಿ ಆ ಲೋಕಸಭಾ ಸೀಟನ್ನು ಕಾಂಗ್ರೆಸ್ ವಾಪಸ್ ತಗೊಂಡಿತು, ನಿಂತವರು ಖರ್ಗೆಯವರ ಅಳಿಯ. ಬೀದರಿನಲ್ಲಿ ಅದೇ ವರ್ಷ ಗೆದ್ದವರು ಮಂತ್ರಿ ಈಶ್ವರ ಖಂಡ್ರೆಯವರ ಮಗ. ಬಾಬುರಾವ್ ಚಿಂಚನಸೂರ್ ಕಾಂಗ್ರೆಸ್ಸಿನಿಂದ ಬಿಜೆಪಿಗೆ ಹೋದರು, ಬಿಜೆಪಿಯಿಂದ ಕಾಂಗ್ರೆಸ್ಸಿಗೆ ಬಂದರು. ಅಫಜಲಪುರದ ಮಾಲೀಕಯ್ಯ ಗುತ್ತೇದಾರ್ ಕೂಡ ಕಾಂಗ್ರೆಸ್ಸಿನಿಂದ ಬಿಜೆಪಿಗೆ ಹೋಗಿದ್ದರು. ಆ ಪಕ್ಷ ತಮ್ಮನನ್ನು ಸೇರಿಸಿಕೊಂಡಾಗ ಅಣ್ಣ ಎದ್ದು ಮತ್ತೆ ಕಾಂಗ್ರೆಸ್ಸಿಗೆ ನಡೆದರು. ಆ ಮನೆಯಲ್ಲಿ ಎಡಕ್ಕೂ ಬಲಕ್ಕೂ ನಡುವೆ ಇರುವ ಅಂತರ ಒಂದು ಗೋಡೆಯಷ್ಟು.

ಹೀಗಿರುವಾಗ ಸೌಮ್ಯವೋ ಕಟ್ಟಾವೋ ಅಂತ ಯಾಕ್ರಿ ಕೇಳ್ತೀರಿ? ಮಗನೋ ಅಳಿಯನೋ ಅಂತ ಕೇಳಿ, ಚರ್ಚೆ ಬೇಗ ಮುಗಿಯುತ್ತದೆ.

ಒಂದು ವೇಳೆ ನಿಜವಾಗಲೂ ಕಟ್ಟಾ ಮನುಷ್ಯ ಸಿಕ್ಕರೆ ಈ ಪಕ್ಷಗಳು ಏನು ಮಾಡುತ್ತವೆ ಅಂತ ನಮಗೆ ಗೊತ್ತಿದೆ. ನಮ್ಮ ಭಾಗದ ಹೋರಾಟಗಾರ ವೈಜನಾಥ ಪಾಟೀಲರು ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371 ಬೇಕು, 371 ಬೇಕು ಅಂತ ದಶಕಗಟ್ಟಲೆ ಗಂಟಲು ಹರಿದುಕೊಂಡರು. ಆಗ ಅದು ಒಬ್ಬ ಹಟಮಾರಿಯ ಹುಚ್ಚು ಅನ್ನುವ ಹಾಗೆ ನೋಡಿದವರು ಎಲ್ಲ ಪಕ್ಷದಲ್ಲೂ ಇದ್ದರು. ಕೇಂದ್ರ ಸರ್ಕಾರ ಒಂದು ಸಲ ಆಗಲ್ಲ ಅಂತಲೂ ಹೇಳಿತ್ತು. ಕೊನೆಗೆ 2012ರ ಡಿಸೆಂಬರಿನಲ್ಲಿ ಸಂಸತ್ತು 371ಜೆ ಒಪ್ಪಿತು. ಅವತ್ತಿನಿಂದ ನೋಡಿ, ಅದನ್ನು ತಂದವರು ಎಷ್ಟು ಜನ! ಪ್ರತಿ ಸೆಪ್ಟೆಂಬರ್ 17ಕ್ಕೆ, ಕಲ್ಯಾಣ ಕರ್ನಾಟಕ ಉತ್ಸವದ ದಿನ, ಬಾವುಟ ಏರಿಸಿ ಭಾಷಣ ಮಾಡುವ ಪ್ರತಿಯೊಬ್ಬರೂ ಅದನ್ನು ಕೈಯಾರೆ ತಂದವರೇ. ಮಾತು ಫಲ ಕೊಟ್ಟ ಮೇಲೆ ಎಲ್ಲರೂ ಕಟ್ಟಾ, ಫಲ ಬರುವ ತನಕ ಎಲ್ಲರೂ ಸೌಮ್ಯ.

ಅರ್ಜಿ ನಮೂನೆಯ ವಿಚಾರವನ್ನೂ ಹೇಳಿಬಿಡುತ್ತೇನೆ. 2023ರ ವಿಧಾನಸಭೆಗೆ ಕಾಂಗ್ರೆಸ್ ಟಿಕೆಟ್ ಕೇಳುವವರು ಅರ್ಜಿಗೆ 5 ಸಾವಿರ, ಅದರ ಮೇಲೆ ಸಾಮಾನ್ಯ ವರ್ಗದವರು 2 ಲಕ್ಷ, ಪರಿಶಿಷ್ಟರು 1 ಲಕ್ಷ ರೂಪಾಯಿ ಡಿಡಿ ಕಟ್ಟಬೇಕಿತ್ತು. ನನಗೆ ಇದು ಬಹಳ ಪ್ರಾಮಾಣಿಕ ಅನ್ನಿಸಿತು. ಬೇರೆ ಪಕ್ಷಗಳು ರಸೀದಿ ಕೊಡುವುದಿಲ್ಲ ಅನ್ನೋದಷ್ಟೇ ವ್ಯತ್ಯಾಸ ಅಂತ ಜನ ಮಾತಾಡುತ್ತಾರೆ, ಜನರ ಬಾಯಿ ಮುಚ್ಚಿಸಲು ಆಗುತ್ತಾ? ಡಿಡಿ ಕಟ್ಟಿದವನನ್ನು ಆಮೇಲೆ ಸೌಮ್ಯವಾಗಿ ವಾಪಸ್ ಕಳಿಸುತ್ತಾರೆ, ಅವನು ಬಂಡಾಯ ಎದ್ದು ಕಟ್ಟಾ ಆಗುತ್ತಾನೆ, ನಿಗಮ-ಮಂಡಳಿ ಕೊಡ್ತೀವಿ ಅಂದ ತಕ್ಷಣ ಮತ್ತೆ ಸೌಮ್ಯ.

ಇಷ್ಟು ಹೊತ್ತು ನಕ್ಕಿದ್ದಾಯಿತು.

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ರಾಜ್ಯಕ್ಕೇ ಕೊನೆ. ಪಾಸಾದವರು ನೂರಕ್ಕೆ 42.43. ಮೊದಲು ಬಂದ ದಕ್ಷಿಣ ಕನ್ನಡದ್ದು 91.12. ಅದರ ಹಿಂದಿನ ವರ್ಷ ಕೊನೆಗೆ ನಿಂತದ್ದು ಯಾದಗಿರಿ, 50.59. ಕೊನೆಯ ಬೆಂಚನ್ನು ನಾವು ನಾವೇ ಹಂಚಿಕೊಂಡು ಕೂರುತ್ತೇವೆ, ಹೊರಗಿನವರಿಗೆ ಬಿಡುವುದಿಲ್ಲ. ಹಳ್ಳಿ ಶಾಲೆಗಳನ್ನು ನೋಡಿಕೊಳ್ಳಬೇಕಾದವರು ಯಾರು? ಜಿಲ್ಲಾ ಪಂಚಾಯಿತಿ. ಹಳ್ಳಿಯ ಕುಡಿಯುವ ನೀರು, ಪ್ರಾಥಮಿಕ ಆರೋಗ್ಯ ಕೇಂದ್ರ, ಅಂಗನವಾಡಿ ಎಲ್ಲ ಅದರ ಕೆಳಗೇ. ಕಲುಷಿತ ನೀರು ಕುಡಿದು ಊರಿಗೆ ಊರೇ ಆಸ್ಪತ್ರೆ ಸೇರಿದ ಸುದ್ದಿ ನಮ್ಮ ಕಡೆ ಎಷ್ಟು ಸಲ ಬಂದಿಲ್ಲ? ಆಗೆಲ್ಲ ಪ್ರಶ್ನೆ ಕೇಳಲು ಒಬ್ಬ ಸದಸ್ಯ ಇಲ್ಲ. ಸೌಮ್ಯನೂ ಇಲ್ಲ, ಕಟ್ಟಾನೂ ಇಲ್ಲ, ಕಳ್ಳನೂ ಇಲ್ಲ. ಕಳ್ಳನಾದರೂ ಇದ್ದಿದ್ದರೆ ಮನೆ ಮುಂದೆ ಹೋಗಿ ಬೈಯಬಹುದಿತ್ತು. ಆಡಳಿತಾಧಿಕಾರಿಗೆ ಬೈದರೆ ಅವರಿಗೆ ವರ್ಗಾವಣೆ ಆಗುತ್ತದೆ, ಸಮಸ್ಯೆಗೆ ಆಗುವುದಿಲ್ಲ.

ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು, ಸನ್ಮಾನ ಮಾಡಿಕೊಂಡರು. 2022ರಲ್ಲಿ ನೆಟೆ ರೋಗ ಬಂದು ಹೊಲಕ್ಕೆ ಹೊಲ ಒಣಗಿ ನಿಂತಾಗ ರೈತರು ಗಿಡ ಕಿತ್ತು ತಂದು ಡಿಸಿ ಆಫೀಸಿನ ಮುಂದೆ ಹಾಕಿದರು. ನೆಟೆ ರೋಗಕ್ಕೆ ಎಡಪಂಥೀಯ ಗಿಡ, ಬಲಪಂಥೀಯ ಗಿಡ ಅಂತ ಗೊತ್ತಾಗಲಿಲ್ಲ. ಎಲ್ಲ ಕಡೆ ಒಣಗಿತು. ಮನೆಗೆ ಬೀಗ ಹಾಕಿ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು ಅಂತ ಮೂಟೆ ಕಟ್ಟುವ ತಾಂಡಾದವರನ್ನು ಕೇಳಿ, ಬಸ್ ಸ್ಟ್ಯಾಂಡಿನಲ್ಲಿ ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು ರಾತ್ರಿ ಬಸ್ಸಿಗೆ ಕಾಯುತ್ತಾ ಕೂತಿರುತ್ತಾರೆ, ನಿಮಗೆ ಮಧ್ಯಮಮಾರ್ಗಿ ಬೇಕೋ ಸಿದ್ಧಾಂತನಿಷ್ಠ ಬೇಕೋ ಅಂತ. ಕೇಳುವ ಧೈರ್ಯ ಇದೆಯಾ? ನಾಚಿಕೆ ಅನ್ನುವುದು ಸ್ವಲ್ಪವಾದರೂ ಬೇಡವಾ? ಚುನಾವಣೆ ಮಾಡದೆ ವರ್ಷಗಟ್ಟಲೆ ಕುರ್ಚಿ ಖಾಲಿ ಇಟ್ಟವರು ಏಸಿ ಹಾಲಿನಲ್ಲಿ ಕೂತು ಆ ಕುರ್ಚಿಯಲ್ಲಿ ಕೂರುವವನ ಸ್ವಭಾವ ಹೇಗಿರಬೇಕು ಅಂತ ಮಾತಾಡುತ್ತಾರೆ, ಅದನ್ನು ನಾವು ಎಂಟು ಕಾಲಂ ಸುದ್ದಿ ಅಂತ ಓದುತ್ತೇವೆ.

ಹೋಗಲಿ, ಇನ್ನೊಂದು ಹೇಳಿ ಮುಗಿಸುತ್ತೇನೆ. ಮೇಲೆ ಹೇಳಿದ ಆ ಚಹಾದಂಗಡಿಯ ಆಕಾಂಕ್ಷಿಗೆ ಈಗ ಹೊಸ ತಲೆನೋವು. ಪಂಚಾಯಿತಿಗಳಲ್ಲಿ ಅರ್ಧ ಸೀಟು ಹೆಂಗಸರಿಗೆ ಅಲ್ವಾ? ಅವನ ಕ್ಷೇತ್ರ ಈ ಸಲ ಮಹಿಳೆಗೆ ಹೋಗುತ್ತದೆ ಅಂತ ಯಾರೋ ಕಿವಿಗೆ ಹಾಕಿದ್ದಾರೆ. ಅವನೇನೂ ಕಂಗಾಲಾಗಲಿಲ್ಲ. ಅರ್ಜಿಯಲ್ಲಿ ತನ್ನ ಹೆಸರು ಹೊಡೆದು ಹೆಂಡತಿಯ ಹೆಸರು ಬರೆದ. ಸ್ವಭಾವದ ಕಾಲಂ ಬಂದಾಗ ಮಾತ್ರ ನಿಂತ. ಹದಿನೈದು ವರ್ಷ ಸಂಸಾರ ಮಾಡಿದ್ದಾನೆ, ಆಕೆ ಸೌಮ್ಯವೋ ಕಟ್ಟಾವೋ ಅವನಿಗೆ ಗೊತ್ತಿಲ್ಲ. ನಾನು ಕಾಕಾ ಜೊತೆ ಅವರ ಮನೆಗೆ ಹೋಗಿದ್ದಾಗ ಧೈರ್ಯ ಮಾಡಿ ಕೇಳಿಯೇಬಿಟ್ಟ. ಆಯಮ್ಮ ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ನಮ್ಮೂರ ಶಾಲಿಗಿ ಎರಡು ವರ್ಷದಿಂದ ಗಣಿತ ಮಾಸ್ತರ ಇಲ್ಲ. ಅದರ ಸಲುವಾಗಿ ಬೆಂಗಳೂರತನಕ ಹೋಗಿ ಜಗಳಾ ಮಾಡ್ಲಾಕ ನಾ ತಯಾರ ಇದ್ದೀನಿ. ಇದು ಯಾವುದರಾಗ ಬರ್ತದ?"

"ಏಯ್, ನಿನಗೇನು ತಿಳೀತದ, ಒಂದು ಸಹಿ ಮಾಡು ಸಾಕು" ಅಂದ ನಮ್ಮ ಅಣ್ಣ. ಅರ್ಜಿಯಲ್ಲಿ "ಸೌಮ್ಯ" ಅಂತ ಬರೆದ. ಫ್ಲೆಕ್ಸ್ ಆಗಲೇ ಪ್ರಿಂಟಿಗೆ ಹೋಗಿದೆ. ಅಭ್ಯರ್ಥಿಯ ಫೋಟೋ ಸ್ಟಾಂಪ್ ಸೈಜು, ಗಂಡನದು ಆಳೆತ್ತರ, ಕಿವಿಗೆ ಮೊಬೈಲು.